ಮೊದಲು ನೆಲ, ಆಮೇಲೆ ಟರ್ಮಿನಲ್

ಒಂದೇ ರನ್‌ವೇ, ಆರು ವಿಮಾನ ನಿಲ್ಲುವಷ್ಟು ಏಪ್ರನ್, ಎರಡಂತಸ್ತಿನ ಟರ್ಮಿನಲ್. ಎಕ್ಸ್-ಪ್ಲೇನ್ ಅನ್ನುವ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ಗೆ ಇಷ್ಟು ಚಿಕ್ಕ ವಿಮಾನ ನಿಲ್ದಾಣ ಕಟ್ಟೋಕೆ ಹೆಚ್ಚೆಂದರೆ ಒಂದು ತಿಂಗಳು ಬೇಕಾದೀತು ಅಂದುಕೊಂಡಿದ್ದೆ. ಹಿಡಿದದ್ದು ಹನ್ನೊಂದು ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ಬರೀ ಟರ್ಮಿನಲ್‌ಗೇ ಹೋಯಿತು. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕೂತು ಒಳಗಿನ ಕುರ್ಚಿ, ಲಗೇಜ್ ಟ್ರಾಲಿ, ಗಾಜಿನ ಹಿಂದಿನ ಕೌಂಟರ್ ಎಲ್ಲ ಮಾಡಿದೆ. ಅದೇ ಹುರುಪಿನಲ್ಲಿ ಒಂದು ಸಂಜೆ ವಿಮಾನ ತಂದು ಇಳಿಸಿದೆ. ಕಾಕ್‌ಪಿಟ್‌ನಿಂದ ಕಂಡದ್ದು ಬೂದು ಬಣ್ಣದ ಒಂದು ಪಟ್ಟಿ, ಅದರ ಎರಡೂ ಪಕ್ಕ ಕತ್ತರಿಸಿ ಅಂಟಿಸಿದಂಥ ಹಸಿರು. ಟರ್ಮಿನಲ್ ಎಲ್ಲೋ ದೂರದಲ್ಲಿ ಉಗುರಿನಷ್ಟು. ಕುರ್ಚಿಗಳ ಮಾತು ಬಿಡಿ.

ವಿಮಾನ ಓಡಿಸುವವನ ಕಣ್ಣಿಗೆ ತುಂಬಿಕೊಳ್ಳುವುದು ನೆಲ. ಆ ನೆಲವನ್ನೇ ನಾನು ಕೊನೆಗೆ ಇಟ್ಟುಕೊಂಡಿದ್ದೆ. ಟರ್ಮಿನಲ್ ಫೈಲನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರುಮಾಡಿದೆ.

ಶುರುಮಾಡಬೇಕಾದ್ದು ಎಐಪಿಯಿಂದ. ಪ್ರತಿ ದೇಶದ ವಿಮಾನಯಾನ ಪ್ರಾಧಿಕಾರವೂ ಹೊರಡಿಸುವ ಅಧಿಕೃತ ಮಾಹಿತಿ ಪುಸ್ತಕ ಅದು. ರನ್‌ವೇಯ ಎರಡೂ ತುದಿಗಳ ಅಕ್ಷಾಂಶ-ರೇಖಾಂಶ, ಎತ್ತರ, ಅಗಲ, ದೀಪಗಳ ವಿವರ ಎಲ್ಲ ಅದರಲ್ಲಿರುತ್ತದೆ. ಅಕ್ಷಾಂಶದ ಒಂದು ಸೆಕೆಂಡ್ ಅಂದರೆ ಸುಮಾರು 31 ಮೀಟರ್. ಎಐಪಿ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಕೊಟ್ಟಿದ್ದರೆ ಒಂದಡಿಯಷ್ಟು ನಿಖರತೆ ಸಿಕ್ಕಿತು ಅಂತ ಲೆಕ್ಕ. ನಾನು ಇದನ್ನು ಬಿಟ್ಟು ಬರೀ ಉಪಗ್ರಹ ಚಿತ್ರ ನಂಬಿದ್ದೆ. ಆಟೋಪೈಲಟ್‌ನಲ್ಲಿ ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೋ ಸಂಕೇತ) ಹಿಡಿದು ಇಳಿದರೆ ಪ್ರತಿ ಸಲವೂ ವಿಮಾನ ನಡುಗೆರೆಯಿಂದ ಆಚೆ ಕೂರುತ್ತಿತ್ತು. ಎರಡು ವಾರ ಆಟೋಪೈಲಟ್‌ಗೆ ಬೈದೆ. ಆಮೇಲೆ ಎಐಪಿ ಅಂಕಿ ಹಾಕಿ ನೋಡಿದರೆ ಚಿತ್ರವೇ ಏಳು ಮೀಟರ್ ಪಕ್ಕಕ್ಕೆ ಸರಿದಿತ್ತು. ಐಎಲ್‌ಎಸ್ ಇದ್ದದ್ದು ನಿಜವಾದ ಜಾಗದಲ್ಲೇ, ತಪ್ಪು ಜಾಗದಲ್ಲಿದ್ದದ್ದು ನನ್ನ ರನ್‌ವೇ.

ಅದೇ ಚಿತ್ರ ಇನ್ನೊಂದು ವಿಷಯದಲ್ಲೂ ಕೈಕೊಟ್ಟಿತು. ಅದರಲ್ಲಿ ರನ್‌ವೇ ತುದಿಗೆ ಬರೆದಿದ್ದ ಸಂಖ್ಯೆ ಒಂದು, ಎಐಪಿಯಲ್ಲಿದ್ದದ್ದು ಇನ್ನೊಂದು. ರನ್‌ವೇ ಸಂಖ್ಯೆ ಅಂದರೆ ದಿಕ್ಸೂಚಿ ತೋರಿಸುವ ಡಿಗ್ರಿಯ ಹತ್ತನೇ ಒಂದು ಭಾಗ. ಭೂಮಿಯ ಕಾಂತೀಯ ಧ್ರುವ ಸರಿಯುತ್ತಲೇ ಇರುವುದರಿಂದ ಕೆಲವು ವರ್ಷಕ್ಕೊಮ್ಮೆ ಎಲ್ಲೋ ಒಂದು ಕಡೆ ಸಂಖ್ಯೆ ಅಳಿಸಿ ಹೊಸದು ಬರೆಯಬೇಕಾಗುತ್ತದೆ. ಲಂಡನ್ ಬಳಿಯ ಸ್ಟಾನ್‌ಸ್ಟೆಡ್‌ನಲ್ಲಿ 2009ರಲ್ಲಿ 05/23 ಇದ್ದದ್ದು 04/22 ಆಯಿತು. ನನ್ನ ಹತ್ತಿರ ಇದ್ದದ್ದು ಹಳೇ ಚಿತ್ರ, ಅಷ್ಟೇ. ತುದಿಯ ಬಿಳಿ ಪಟ್ಟೆಗಳಿಗೂ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ಲೆಕ್ಕ ಇದೆ: 30 ಮೀಟರ್ ಅಗಲದ ರನ್‌ವೇಗೆ 8, 45 ಮೀಟರ್‌ನದಕ್ಕೆ 12. ನಾನು ಅಂದಾಜಿಗೆ ಹತ್ತು ಬಳಿದಿದ್ದೆ.

ಇಷ್ಟಾದರೆ ನಕ್ಷೆ ಸರಿಯಾಯಿತು, ನೆಲಕ್ಕೆ ಇನ್ನೂ ಜೀವ ಬಂದಿಲ್ಲ. ಜೀವ ಬರುವುದು ಕೊಳೆಯಿಂದ. ಚಕ್ರ ನೆಲ ಮುಟ್ಟಿದ ಕ್ಷಣ ಟೈರಿನ ರಬ್ಬರ್ ಉಜ್ಜಿ ಕಪ್ಪು ಗೀಟು ಬೀಳುತ್ತದಲ್ಲ, ಅದನ್ನು ಮೊದಲು ಇಡೀ ರನ್‌ವೇ ಉದ್ದಕ್ಕೂ ಒಂದೇ ಸಮ ಬಳಿದುಬಿಟ್ಟೆ. ನೋಡಿದರೆ ಟಾರು ಚೆಲ್ಲಿದ ಹಾಗಿತ್ತು. ಫೋಟೋಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಅದರ ಕ್ರಮ ತಿಳಿಯಿತು. 2400 ಮೀಟರ್‌ಗಿಂತ ಉದ್ದದ ರನ್‌ವೇಯಲ್ಲಿ ವಿಮಾನ ಗುರಿಯಿಡುವ ದಪ್ಪ ಬಿಳಿ ಗುರುತು ತುದಿಯಿಂದ 400 ಮೀಟರ್ ಒಳಗಿರುತ್ತದೆ, ಕಪ್ಪು ಗಾಢವಾಗುವುದು ಅದರ ಆಸುಪಾಸಿನಲ್ಲಿ. ಆಮೇಲೆ ನಿಧಾನಕ್ಕೆ ತೆಳುವಾಗುತ್ತ ಹೋಗುತ್ತದೆ. ನಡುಗೆರೆಯ ಮೇಲೆ ಅಷ್ಟಿಲ್ಲ, ಅದರ ಎರಡೂ ಪಕ್ಕ ಮೂರು-ನಾಲ್ಕು ಮೀಟರ್ ದೂರದಲ್ಲಿ ಎರಡು ಪಟ್ಟಿ. ಯಾಕೆಂದರೆ ಏರ್‌ಬಸ್ ಎ320ಯ ಹಿಂಗಾಲುಗಳ ನಡುವಿನ ಅಂತರ 7.6 ಮೀಟರ್, ಬೋಯಿಂಗ್ 737ರದ್ದು 5.7. ಗಾಳಿ ವರ್ಷದ ಹೆಚ್ಚು ಪಾಲು ಒಂದೇ ಕಡೆಯಿಂದ ಬೀಸುವ ಜಾಗದಲ್ಲಿ ಒಂದು ತುದಿ ಕಡುಗಪ್ಪು, ಇನ್ನೊಂದು ತುದಿ ಬರೀ ಮಾಸಲು. ಇದನ್ನು ಹಾಗೆಯೇ ಹಾಕಿದ ದಿನ, ಒಂದೇ ಒಂದು ಕಟ್ಟಡ ಇಲ್ಲದಿದ್ದರೂ, ಅದು ನನಗೆ ಗೊತ್ತಿರುವ ನಿಲ್ದಾಣದಂತೆಯೇ ಕಾಣತೊಡಗಿತು.

ಏಪ್ರನ್‌ನಲ್ಲಿ ಬೇರೆ ತಲೆನೋವು. ಕಾಂಕ್ರೀಟ್ ಚಪ್ಪಡಿಯ ಒಂದು ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಮಾಡಿ ಹರಡಿದರೆ ಅದೇ ಬಿರುಕು, ಅದೇ ಎಣ್ಣೆ ಕಲೆ ಸಾಲಾಗಿ ಮರುಕಳಿಸಿ, ಮೇಲಿಂದ ನೋಡಿದವರಿಗೆ ಲುಂಗಿಯ ಚೌಕಳಿಯ ಹಾಗೆ ಕಾಣುತ್ತದೆ. ಕೆಳಗಿನ ಪದರದಲ್ಲಿ ಕಲೆಯೇ ಇಲ್ಲದ ಚಪ್ಪಡಿ ಹಾಕಿ, ಕಲೆಗಳನ್ನೆಲ್ಲ ಅದರ ಮೇಲೆ ಬೇರೆ ಪಾರದರ್ಶಕ ಪದರದಲ್ಲಿ ಒಂದೊಂದಾಗಿ ಕೈಯಾರೆ ಇಟ್ಟೆ: ಎಂಜಿನ್ ನಿಲ್ಲುವ ಜಾಗದಲ್ಲಿ ಎಣ್ಣೆ, ಹಳದಿ ಗೆರೆ ತಿರುಗುವ ಕಡೆ ಮುಂಗಾಲಿನ ಟೈರಿನ ಗೀರು. ಹುಲ್ಲಿನ ಅಂಚೂ ಹಾಗೆಯೇ. ನಿಜವಾದ ಹುಲ್ಲು ಟಾರಿನ ಮೇಲೆ ಹಬ್ಬುತ್ತದೆ, ಮಣ್ಣು ಕೊಚ್ಚಿಕೊಂಡು ಬರುತ್ತದೆ, ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ. ಅಂಚಿನುದ್ದಕ್ಕೂ ಒರಟೊರಟಾದ ಕಿರುಪಟ್ಟಿ ಇಟ್ಟಮೇಲೆ ಆ ಅಂಟಿಸಿದ ರೂಪ ಹೋಯಿತು.

ಕಟ್ಟಡಗಳ ಅಳತೆ ಯಾರೂ ಕೊಡುವುದಿಲ್ಲ. ಫೋಟೋದಲ್ಲಿ ಪಕ್ಕದಲ್ಲೇ ನಿಂತ ವಿಮಾನವೇ ನನ್ನ ಅಳತೆಗೋಲು. ಎ320ಯ ಬಾಲದ ತುದಿ ನೆಲದಿಂದ 11.76 ಮೀಟರ್. ವಿಮಾನ ಮತ್ತು ಗೋಡೆ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವ ಫೋಟೋ ಹುಡುಕಬೇಕು, ಇಲ್ಲದಿದ್ದರೆ ಲೆಕ್ಕ ಹಾಳು. ನನ್ನ ಹಳೇ ಟರ್ಮಿನಲ್ ಹೀಗೆ ಅಳೆದಾಗ ಕಾಲು ಭಾಗ ಎತ್ತರ ಹೆಚ್ಚಾಗಿತ್ತು. ಬಾಗಿಲಿನಲ್ಲಿ ಆನೆ ಹೋಗಬಹುದಿತ್ತು.

ಮೊದಲ ಸಲ ಬೇರೆಯವರಿಗೆ ಕೊಟ್ಟಾಗ ಎರಡು ದೂರು ಬಂದವು. ಒಬ್ಬರಿಗೆ ಟರ್ಮಿನಲ್ ಗಾಳಿಯಲ್ಲಿ ತೇಲುತ್ತಿತ್ತು. ನಾನು ಕಟ್ಟಡಗಳನ್ನು ಸಮುದ್ರಮಟ್ಟದಿಂದ ಇಷ್ಟು ಎತ್ತರ ಅಂತ ಕಟ್ಟಿಹಾಕಿದ್ದೆ, ಅವರ ಕಂಪ್ಯೂಟರಿನಲ್ಲಿದ್ದ ನೆಲದ ಮೆಶ್, ಅಂದರೆ ಏರಿಳಿತದ ಮಾದರಿ, ಬೇರೆ. ಈಗ ಎಲ್ಲವನ್ನೂ ನೆಲಕ್ಕೇ ಬಿಡುತ್ತೇನೆ, ಗೋಡೆಗಳನ್ನು ಎರಡು ಮೀಟರ್ ಮಣ್ಣಿನೊಳಗೂ ಇಳಿಸುತ್ತೇನೆ. ಇನ್ನೊಬ್ಬರಿಗೆ ಟ್ಯಾಕ್ಸಿವೇ (ಏಪ್ರನ್‌ನಿಂದ ರನ್‌ವೇಗೆ ಹೋಗುವ ದಾರಿ) ನಡುವೆ ಮರಗಳಿದ್ದವು. ಎಕ್ಸ್-ಪ್ಲೇನ್‌ಗೆ ನಿಲ್ದಾಣ ಜೋಡಿಸುವ ವರ್ಲ್ಡ್ ಎಡಿಟರ್‌ನಲ್ಲಿ ಎಕ್ಸ್‌ಕ್ಲೂಷನ್ ಜೋನ್ (ಬೇರೆ ಪ್ಯಾಕ್‌ಗಳ ಮರ, ಕಟ್ಟಡ ಬರದಂತೆ ತಡೆಯುವ ಚೌಕ) ಎಳೆದಿದ್ದೆ, ಆದರೆ ಅದು ಕೆಲಸ ಮಾಡುವುದು ಸೀನರಿ ಪಟ್ಟಿಯಲ್ಲಿ ತನಗಿಂತ ಕೆಳಗಿರುವ ಪ್ಯಾಕ್‌ಗಳ ಮೇಲೆ ಮಾತ್ರ. ಅವರ ಪಟ್ಟಿಯಲ್ಲಿ ಕಾಡಿನ ಪ್ಯಾಕ್ ನನ್ನದಕ್ಕಿಂತ ಮೇಲಿತ್ತು.

ಫ್ರೇಮ್ ರೇಟ್, ಅಂದರೆ ಪರದೆಯಲ್ಲಿ ಚಿತ್ರ ಎಷ್ಟು ಸರಾಗವಾಗಿ ಓಡುತ್ತದೆ ಅನ್ನೋದರ ಬಗ್ಗೆ ಒಂದೇ ಮಾತು. 4096 ಪಿಕ್ಸೆಲ್ ಚೌಕದ ಒಂದು ಟೆಕ್ಸ್ಚರ್ ಹಾಗೇ ಬಿಟ್ಟರೆ ವಿಡಿಯೋ ಮೆಮೊರಿಯಲ್ಲಿ 64 ಎಂಬಿ, ಪಾರದರ್ಶಕತೆ ಬೇಡದ್ದನ್ನು ಡಿಡಿಎಸ್ ಅನ್ನುವ ಫೈಲ್ ರೂಪದಲ್ಲಿ ಕುಗ್ಗಿಸಿದರೆ 8. ಕಂಬ, ಕೋನ್, ಟ್ರಾಲಿ, ಬೇಲಿ ಇವಕ್ಕೆಲ್ಲ ಸೇರಿಸಿ ಒಂದೇ ಟೆಕ್ಸ್ಚರ್ ಹಾಳೆ ಮಾಡಿಕೊಂಡೆ. ಟರ್ಮಿನಲ್ ಕುರ್ಚಿಗಳಲ್ಲಿ ಗಾಜಿಗೆ ಹತ್ತಿರದ ಒಂದು ಸಾಲು ಮಾತ್ರ ಉಳಿಯಿತು, ಅದೂ ಹತ್ತಿರ ಬಂದಾಗಷ್ಟೇ ಕಾಣುತ್ತದೆ.

ಕಳೆದ ವಾರ ಹೊಸ ಚಾರ್ಟ್ ಬಂತು. ಏಪ್ರನ್ ಪೂರ್ವಕ್ಕೆ ಬೆಳೆದು ಇನ್ನೆರಡು ವಿಮಾನಕ್ಕೆ ಜಾಗ ಆಗಿದೆ. ಅಲ್ಲಿಯ ಕಾಂಕ್ರೀಟ್ ಹೊಸದು, ಬಿಳಿಚಿಕೊಂಡಿರಬೇಕು, ಎಣ್ಣೆ ಕಲೆ ಇರಬಾರದು. ವರ್ಲ್ಡ್ ಎಡಿಟರ್ ಮತ್ತೆ ತೆರೆದಿಟ್ಟಿದ್ದೇನೆ.