ಗಾಣದ ರೋಲರಿಗೆ ಒಂದು ಕಾರ್ಬೈಡ್ ಟಿಪ್, ಶಾಫ್ಟಿಗೆ ಇನ್ನೊಂದು: ಆರಿಸುವುದು ಹೇಗೆ?

ಮಂಡ್ಯದ ಸುತ್ತ ಆಲೆಮನೆಗಳ ಗಾಣ ರಿಪೇರಿಗೆ ಬಂದಾಗ ಲೇತಿನ (ಲೋಹ ಕಡೆಯುವ ಯಂತ್ರದ) ಮೇಲೆ ಎರಡು ಬಗೆಯ ಲೋಹ ಏರುತ್ತದೆ. ರೋಲರ್ ಬೀಡು ಕಬ್ಬಿಣದ್ದು, ಶಾಫ್ಟ್ ಉಕ್ಕಿನದು. ಎರಡಕ್ಕೂ ಒಂದೇ ಕಾರ್ಬೈಡ್ ಟಿಪ್, ಅಂದರೆ ಲೋಹ ಕತ್ತರಿಸುವ ಉಳಿಯ ಗಡಸು ತುದಿ, ಹಾಕಿ, ‘ಬೇಗ ಸವೆಯುತ್ತೆ, ಮಾಲು ಸರಿಯಿಲ್ಲ’ ಅನ್ನುವವರಿದ್ದಾರೆ. ಮಾಲು ಚೆನ್ನಾಗಿಯೇ ಇರಬಹುದು. ಅದರೊಳಗಿನ ಬೆರಕೆ ಆ ಕೆಲಸಕ್ಕೆ ಒಗ್ಗಿರುವುದಿಲ್ಲ.

ಮೊದಲು ಆ ಬೆರಕೆ ಏನು ಅಂತ ನೋಡೋಣ. ಟಂಗ್‌ಸ್ಟನ್ ಕಾರ್ಬೈಡಿನ ಸಣ್ಣ ಕಾಳುಗಳನ್ನು ಕೋಬಾಲ್ಟ್ ಹಿಡಿದಿಟ್ಟಿರುತ್ತದೆ. ಸವೆತ ತಡೆಯುವುದು ಕಾಳು, ಏಟು ತಡೆಯುವುದು ಕೋಬಾಲ್ಟ್. ಶೇ 6ರಷ್ಟು ಕೋಬಾಲ್ಟ್ ಇರುವ ಟಿಪ್ ಶೇ 12 ಇರುವುದಕ್ಕಿಂತ ನಿಧಾನವಾಗಿ ಸವೆಯುತ್ತದೆ, ಆದರೆ ಬೇಗ ಚಕ್ಕೆ ಏಳುತ್ತದೆ. ಕೋಬಾಲ್ಟ್ ಅಷ್ಟೇ ಇಟ್ಟು ಕಾಳನ್ನು ಸಣ್ಣದು ಮಾಡಿದರೂ ಗಡಸುತನ ಹೆಚ್ಚುತ್ತದೆ.

ಆಮೇಲೆ ಹಳೆಯ ಟಿಪ್ಪನ್ನು ಭೂತಗನ್ನಡಿಯಲ್ಲಿ ನೋಡಿ. ಇದನ್ನು ದಯವಿಟ್ಟು ಬಿಡಬೇಡಿ, ಉತ್ತರ ಇರುವುದೇ ಇಲ್ಲಿ. ಅಂಚಿನ ಕೆಳಗೆ, ಪಕ್ಕದ ಮುಖದಲ್ಲಿ ಹೊಳೆಯುವ ಪಟ್ಟಿ ಬಿದ್ದಿದ್ದರೆ ಅದು ಉಜ್ಜಿ ಸವೆದದ್ದು. ಬೀಡಿನಲ್ಲಿ ಹೆಚ್ಚಾಗಿ ಆಗುವುದು ಇದೇ. ಮೇಲ್ಮುಖದಲ್ಲಿ, ಅಂಚಿನಿಂದ ಚೂರು ಹಿಂದೆ ಗುಳಿ ಬಿದ್ದಿದ್ದರೆ ಕತೆ ಬೇರೆ. ತುಂಬಾ ಕಾದ ಉಕ್ಕಿನ ಸುರುಳಿ ಅಲ್ಲಿ ಜಾರುವಾಗ ಟಂಗ್‌ಸ್ಟನ್ ಕಾರ್ಬೈಡ್ ಕರಗಿ ಆ ಉಕ್ಕಿಗೇ ಸೇರಿಕೊಳ್ಳುತ್ತದೆ. ಎಷ್ಟು ಗಡಸಾಗಿದ್ದರೂ ಇದು ತಪ್ಪುವುದಿಲ್ಲ. ಟೈಟಾನಿಯಂ ಮತ್ತು ಟ್ಯಾಂಟಲಂ ಕಾರ್ಬೈಡ್ ಬೆರೆಸಿದರೆ ಗುಳಿ ಬೀಳುವುದು ತುಂಬಾ ತಗ್ಗುತ್ತದೆ.

ಈಗ ಹೊಸ ಟಿಪ್ಪಿನ ಡಬ್ಬಿ ನೋಡಿ. ಕೆಂಪು ಗುರುತಿನ ‘ಕೆ’ ಬೀಡಿಗೆ, ನೀಲಿ ಗುರುತಿನ ‘ಪಿ’ ಉಕ್ಕಿಗೆ. ಪಕ್ಕದ ಅಂಕಿ ಸಣ್ಣದಿದ್ದರೆ ಗಡಸು, ದೊಡ್ಡದಿದ್ದರೆ ಏಟು ತಾಳುವಂಥದ್ದು. ರೋಲರಿನ ಫಿನಿಶಿಂಗಿಗೆ ಕೆ10 ಸಾಕು. ಅಚ್ಚಿನಿಂದ ಬಂದ ಹೊಸ ಬೀಡಿನ ಮರಳು ಹತ್ತಿದ ಸಿಪ್ಪೆ ತೆಗೆಯಲು ಕೆ20 ಅಥವಾ ಕೆ30 ಹಾಕಿ, ಮೊದಲ ಸಲ ಕತ್ತರಿಸುವಾಗಲೇ ಸಿಪ್ಪೆಯ ಕೆಳಗೆ ಇಳಿಯುವಷ್ಟು ಆಳ ಕೊಡಿ. ಸುಮ್ನೆ ಮೇಲೆ ಮೇಲೆ ಕೆರೆದರೆ ಟಿಪ್ ಅಲ್ಲೇ ಹಾಳು. ಶಾಫ್ಟ್ ನುಣ್ಣಗಿದ್ದರೆ ಪಿ20. ಅದರಲ್ಲಿ ಕೀ ಕೂರಿಸುವ ಉದ್ದನೆಯ ತೋಡು (ಕೀವೇ) ಇದ್ದರೆ ಪ್ರತಿ ಸುತ್ತಿಗೂ ಅಂಚಿಗೆ ಏಟು ಬೀಳುತ್ತದೆ, ಆಗ ಪಿ30 ಅಥವಾ ಪಿ40ಕ್ಕೆ ಹೋಗಿ. ಸವೆತ ಜಾಸ್ತಿಯಾದರೂ ಮೊನೆ ಉಳಿಯುತ್ತದೆ.

ಟಿಪ್ಪಿನ ಬಂಗಾರದ ಬಣ್ಣ ನೋಡಿ ಖರೀದಿಸಬೇಡಿ. ಟೈಟಾನಿಯಂ ನೈಟ್ರೈಡಿನ ಆ ಲೇಪ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ. ಕೆಳಗಿನ ಬೆರಕೆ ತಪ್ಪಿದ್ದರೆ ಲೇಪದ ಜೊತೆಗೇ ಅಂಚೂ ಹೋಗುತ್ತದೆ.

ಬೆಸುಗೆ ಹಾಕಿದ ಟಿಪ್ಪನ್ನು ಮತ್ತೆ ಹರಿತ ಮಾಡುವುದಾದರೆ ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರ ಬಳಸಿ. ಕಾದ ಟಿಪ್ಪನ್ನು ನೀರಿಗೆ ಅದ್ದಬೇಡಿ, ಸೀಳು ಬಿಡುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಆ ದೂಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.