ಏರ್ ರೈಫಲ್‌ಗೆ ಸ್ಕೋಪ್: ಕಡಿಮೆ ದುಡ್ಡಿನಲ್ಲಿ ಆರಿಸಿ, ಕೂರಿಸಿ, ಜೀರೋ ಮಾಡುವ ಬಗೆ

ಸ್ಕೋಪ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಎಕ್ಸ್ ಇದೆ?" ಅಂತ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ. ಆ ಪ್ರಶ್ನೆಯನ್ನು ಕೊನೆಗಿಟ್ಟುಕೊಳ್ಳಿ. 10ರಿಂದ 25 ಮೀಟರ್ ದೂರದ ಕಾಗದದ ಗುರಿಗೆ 7 ಪಟ್ಟು ದೊಡ್ಡದಾಗಿ ಕಂಡರೆ ಧಾರಾಳವಾಯಿತು. ದುಡ್ಡು ಸುರಿಯಬೇಕಾದದ್ದು ಬೇರೆ ಕಡೆ: ಹತ್ತಿರದ ದೂರಕ್ಕೂ ಹೊಂದಿಸಬಹುದಾದ ಪ್ಯಾರಲಾಕ್ಸ್ (ಅದೇನೆಂದು ಮುಂದೆ ಹೇಳಿದೆ), ಸ್ಪ್ರಿಂಗ್ ಗನ್ನಿನ ಏಟನ್ನು ತಡೆಯುವ ಗಟ್ಟಿತನ ಮತ್ತು ಸ್ಕೋಪನ್ನು ಗನ್ನಿಗೆ ಕಚ್ಚಿ ಹಿಡಿಯುವ, ಅಲುಗಾಡದ ಮೌಂಟ್. ಈ ಮೂರೂ ಇದ್ದರೆ ಅಗ್ಗದ ಸ್ಕೋಪಿನಲ್ಲೂ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಇವಿಲ್ಲದಿದ್ದರೆ 16 ಎಕ್ಸ್ ಇದ್ದರೂ ಉಪಯೋಗವಿಲ್ಲ.

ಮೊದಲು ಕಾನೂನಿನ ಮಾತು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಂತ ಹಕ್ಕಿಯನ್ನೋ ಮೊಲವನ್ನೋ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್ ಗನ್ನಿಗೂ ಅನ್ವಯಿಸುತ್ತದೆ. ಇಲ್ಲಿ ಬರೆದಿರುವುದೆಲ್ಲ ಗುರಿ ಅಭ್ಯಾಸಕ್ಕೆ. ಇನ್ನೊಂದು ವಿಷಯ: ಮಗನೋ ಮಗಳೋ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ತಯಾರಾಗುತ್ತಿದ್ದರೆ ಸ್ಕೋಪ್ ಕೊಡಿಸಬೇಡಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ ಟೆಲಿಸ್ಕೋಪ್ ಸೈಟ್‌ಗೆ ಅವಕಾಶವಿಲ್ಲ. ಅದೇ ಹಣಕ್ಕೆ ಸಣ್ಣ ತೂತಿನ ಮೂಲಕ ಗುರಿ ನೋಡುವ ಪೀಪ್ ಸೈಟ್ ತೆಗೆದುಕೊಡಿ.

ನಿಮ್ಮ ಗನ್ ಯಾವುದು?

ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಡುವ ಗನ್ ಆದರೆ ಚಿಂತೆ ಕಡಿಮೆ. ಸಿಲಿಂಡರಿನಲ್ಲಿ ತುಂಬಿಟ್ಟ ಗಾಳಿ ಪೆಲೆಟ್ಟನ್ನು, ಅಂದರೆ ಏರ್ ಗನ್ನಿನ ಸಣ್ಣ ಗುಂಡನ್ನು ತಳ್ಳುತ್ತದೆ, ಒದೆತ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಯಾವ ಸ್ಕೋಪಾದರೂ ಬಾಳುತ್ತದೆ. ಬ್ಯಾರೆಲ್ ಮಡಚಿ ಕಾಕ್ ಮಾಡುವ ಸ್ಪ್ರಿಂಗ್ ಗನ್ನಿನ ಕತೆ ಬೇರೆ. ಟ್ರಿಗರ್ ಒತ್ತಿದ ಕೂಡಲೇ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಗನ್ ಹಿಂದಕ್ಕೆ ಸರಿಯುತ್ತದೆ. ಮರುಕ್ಷಣವೇ ಪಿಸ್ಟನ್ ಸಿಲಿಂಡರಿನ ಕೊನೆ ಮುಟ್ಟಿ ನಿಂತಾಗ ಗನ್ ಮುಂದಕ್ಕೆ ಜಗ್ಗುತ್ತದೆ. ಹೀಗೆ ಒಂದೇ ಗುಂಡಿಗೆ ಎರಡು ಏಟು, ಎರಡು ವಿರುದ್ಧ ದಿಕ್ಕಿನಲ್ಲಿ. ಬಂದೂಕಿಗೆಂದು ಮಾಡಿದ ಸಾಮಾನ್ಯ ಸ್ಕೋಪಿನಲ್ಲಿ ಗಾಜುಗಳನ್ನು ಹಿಂದಕ್ಕೆ ಬರುವ ಏಟಿಗಷ್ಟೇ ಭದ್ರ ಮಾಡಿರುತ್ತಾರೆ. ಮುಂದಕ್ಕೆ ಜಗ್ಗುವ ಏಟಿಗೆ ಅದರ ಲೆನ್ಸ್ ಸಡಿಲವಾಗುತ್ತದೆ, ಇಲ್ಲವೇ ಗುರಿ ಹಿಡಿಯುವ ಅಡ್ಡ-ಉದ್ದ ಗೆರೆ, ಅಂದರೆ ಕ್ರಾಸ್‌ಹೇರ್, ವಾಲಿಕೊಳ್ಳುತ್ತದೆ. ದೊಡ್ಡ ರೈಫಲ್ಲಿನ ಒದೆತ ತಡೆಯುವ ದುಬಾರಿ ಸ್ಕೋಪು ಸ್ಪ್ರಿಂಗ್ ಗನ್ನಿನ ಮೇಲೆ ಹಾಳಾಗುವುದು ಇದೇ ಕಾರಣಕ್ಕೆ. ಸ್ಪ್ರಿಂಗಿನ ಬದಲು ಒತ್ತಿ ತುಂಬಿದ ಅನಿಲ ಪಿಸ್ಟನ್ ತಳ್ಳುವ ಗ್ಯಾಸ್ ರಾಮ್ ಗನ್ನಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾಗಿ "ಏರ್ ಗನ್ನಿಗೆ ಆಗುತ್ತಾ?" ಅಂತ ಕೇಳಿದರೆ ಸಾಲದು. "ಸ್ಪ್ರಿಂಗ್ ಗನ್ನಿಗೆ ಹಾಕಿದರೆ ವಾರಂಟಿ ಕೊಡುತ್ತೀರಾ?" ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ತೂಕವನ್ನೂ ನೋಡಿ. ಸ್ಕೋಪ್ ಭಾರವಾದಷ್ಟೂ ಪ್ರತಿ ಏಟಿಗೆ ಮೌಂಟನ್ನು ಜೋರಾಗಿ ಎಳೆಯುತ್ತದೆ. ಸ್ಪ್ರಿಂಗ್ ಗನ್ನಿನ ಮೇಲೆ 500 ಗ್ರಾಂ ದಾಟದಿರುವುದು ಒಳ್ಳೆಯದು.

ಪ್ಯಾರಲಾಕ್ಸ್: ದುಡ್ಡು ಕೊಡಬೇಕಾದ ಜಾಗ

ಪ್ಯಾರಲಾಕ್ಸ್ ಅಂದರೆ ಗನ್ ಅಲುಗದಿದ್ದರೂ ಕಣ್ಣು ಅತ್ತಿತ್ತ ಸರಿದಾಗ ಕ್ರಾಸ್‌ಹೇರ್ ಗುರಿಯ ಮೇಲೆ ಸರಿದಂತೆ ಕಾಣುವುದು. ಬಂದೂಕಿನ ಸ್ಕೋಪುಗಳಲ್ಲಿ ಇದನ್ನು ಸಾಮಾನ್ಯವಾಗಿ 100 ಗಜಕ್ಕೆ, ಅಂದರೆ 91 ಮೀಟರಿಗೆ ಹೊಂದಿಸಿ ಮುಚ್ಚಿಬಿಟ್ಟಿರುತ್ತಾರೆ. ಅಂಥದ್ದರಲ್ಲಿ 10 ಮೀಟರ್ ಗುರಿ ನೋಡಿದರೆ ಏನಾಗುತ್ತದೆ? ಮುಂದಿನ ಗಾಜು 32 ಮಿಲಿಮೀಟರಿನದು ಅಂದುಕೊಳ್ಳಿ. ಅದರ ಅರ್ಧ 16. ಗುರಿಗೂ ಹೊಂದಿಸಿದ ದೂರಕ್ಕೂ ಇರುವ ವ್ಯತ್ಯಾಸ 81 ಮೀಟರ್. 16ನ್ನು 81ರಿಂದ ಗುಣಿಸಿ 91ರಿಂದ ಭಾಗಿಸಿದರೆ 14 ಬರುತ್ತದೆ. ಕಣ್ಣು ಪೂರ್ತಿ ಅಂಚಿಗೆ ಹೋದರೆ 14 ಮಿಲಿಮೀಟರ್ ತಪ್ಪು! ಪೆಲೆಟ್ಟಿನ ಅಗಲವೇ 4.5 ಮಿಲಿಮೀಟರ್. ಗನ್ ಎಷ್ಟೇ ಚೆನ್ನಾಗಿದ್ದರೂ ಈ ತಪ್ಪನ್ನು ಅದು ತಿದ್ದಲಾರದು. ಜೊತೆಗೆ 10 ಮೀಟರಿನಲ್ಲಿ ಚಿತ್ರವೂ ಮಸುಕು.

ಇದಕ್ಕೆ ಪರಿಹಾರ ಎಒ (ಅಡ್ಜಸ್ಟಬಲ್ ಆಬ್ಜೆಕ್ಟಿವ್) ಅಥವಾ ಸೈಡ್ ಫೋಕಸ್ ಇರುವ ಸ್ಕೋಪ್. ಎಒದಲ್ಲಿ ಮುಂದಿನ ಗಾಜಿನ ಸುತ್ತ ತಿರುಗಿಸುವ ಉಂಗುರ ಇರುತ್ತದೆ. ಸೈಡ್ ಫೋಕಸ್‌ನಲ್ಲಿ ಎಡಬದಿಗೆ ಗುಂಡಿ ಇರುತ್ತದೆ, ಬೆಲೆಯೂ ತೂಕವೂ ಜಾಸ್ತಿ. ಬಜೆಟ್ ಬಿಗಿ ಇದ್ದರೆ ಎಒ ಸಾಕು. ಕನಿಷ್ಠ ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎಂಬುದನ್ನು ಮಾತ್ರ ನೋಡಿಯೇ ಕೊಳ್ಳಿ: 10 ಗಜ ಅಂತಿದ್ದರೆ ಸರಿ, ಏಕೆಂದರೆ 10 ಮೀಟರ್ ಅಂದರೆ 11 ಗಜ. ಹಾಕ್ ವ್ಯಾಂಟೇಜ್ 2-7×32 ಎಒ ಎಂಬ ಸ್ಕೋಪ್ ಈ ಲೆಕ್ಕಕ್ಕೆ ಹೊಂದುತ್ತದೆ (ಅಂಕಿಗಳ ಅರ್ಥ ಮುಂದಿದೆ). ಯುಟಿಜಿ ಬಗ್‌ಬಸ್ಟರ್ 3-9×32 ಇನ್ನೂ ಹತ್ತಿರಕ್ಕೆ, 3 ಗಜಕ್ಕೇ ಫೋಕಸ್ ಆಗುತ್ತದೆ. ಮನೆಯ ಹಜಾರದಲ್ಲೋ ತಾರಸಿಯಲ್ಲೋ ಅಭ್ಯಾಸ ಮಾಡುವವರಿಗೆ ಅದು ಅನುಕೂಲ.

ಉಂಗುರದ ಮೇಲೆ ಬರೆದ ಅಂಕಿಗಳನ್ನು ಪೂರ್ತಿ ನಂಬಬೇಡಿ, ಅಗ್ಗದ ಸ್ಕೋಪುಗಳಲ್ಲಿ ಅವು ಅಂದಾಜು. ಗನ್ನನ್ನು ಮರಳಿನ ಚೀಲದ ಮೇಲೆ ಕೂರಿಸಿ, ಅಳತೆ ಟೇಪಿನಲ್ಲಿ ಅಳೆದ 10 ಮೀಟರ್ ದೂರದ ಗುರಿಗೆ ತಿರುಗಿಸಿ. ಗನ್ ಮುಟ್ಟದೆ ಕಣ್ಣನ್ನು ಮಾತ್ರ ಎಡಬಲಕ್ಕೆ ಆಡಿಸುತ್ತಾ, ಕ್ರಾಸ್‌ಹೇರ್ ಗುರಿಗೆ ಅಂಟಿಕೊಂಡಂತೆ ನಿಲ್ಲುವವರೆಗೆ ಉಂಗುರ ತಿರುಗಿಸಿ. ಆ ಜಾಗಕ್ಕೆ ಬಿಳಿ ಟೇಪಿನ ಚೂರು ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆದು "10" ಅಂತ ಬರೆಯಿರಿ. 15, 20, 25ಕ್ಕೂ ಹೀಗೇ ಮಾಡಿ. ಅರ್ಧ ಗಂಟೆಯ ಕೆಲಸ.

ಇನ್ನು ಎಕ್ಸ್, ಗಾಜು, ರೆಟಿಕಲ್

2-7×32 ಅಂದರೆ 2ರಿಂದ 7 ಪಟ್ಟಿನವರೆಗೆ ಬದಲಾಯಿಸಬಹುದು, ಮುಂದಿನ ಗಾಜು 32 ಮಿಲಿಮೀಟರ್. ಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 32ನ್ನು 7ರಿಂದ ಭಾಗಿಸಿದರೆ 4.6 ಮಿಲಿಮೀಟರ್, 40ನ್ನು 9ರಿಂದ ಭಾಗಿಸಿದರೆ 4.4. ಅಂದರೆ ದೊಡ್ಡ 3-9×40 ಸ್ಕೋಪು ಪೂರ್ತಿ ಜೂಮ್‌ನಲ್ಲಿ ಹೆಚ್ಚೇನೂ ಬೆಳಕು ಕೊಡುವುದಿಲ್ಲ, ತೂಕ ಮತ್ತು ಎತ್ತರ ಮಾತ್ರ ಹೆಚ್ಚಿಸುತ್ತದೆ. ಪಟ್ಟು ಜಾಸ್ತಿಯಾದಷ್ಟೂ ಕಣ್ಣಿಡುವ ಜಾಗ ಕಿರಿದಾಗಿ, ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ಗುರಿ ಅಭ್ಯಾಸಕ್ಕೆ 2-7×32 ಅಥವಾ 3-9×32 ನಮ್ಮ ಆಯ್ಕೆ.

ಫಸ್ಟ್ ಫೋಕಲ್ ಪ್ಲೇನ್‌ಗೆಂದು ಹೆಚ್ಚು ದುಡ್ಡು ಕೊಡಬೇಡಿ. ಅದರಲ್ಲಿ ಜೂಮ್ ಮಾಡಿದಂತೆ ರೆಟಿಕಲ್ಲೂ, ಅಂದರೆ ಕ್ರಾಸ್‌ಹೇರಿನ ಗೆರೆಗಳ ವಿನ್ಯಾಸವೂ, ಹಿಗ್ಗಿ ಕುಗ್ಗುತ್ತದೆ. ಕಡಿಮೆ ಪಟ್ಟಿನಲ್ಲಿ ಗೆರೆ ಕೂದಲಿನಷ್ಟು ತೆಳುವಾಗಿ, ಕಪ್ಪು ಗುರಿಯ ಮೇಲೆ ಕಾಣದೇ ಹೋಗುತ್ತದೆ. ರೆಟಿಕಲ್ ಒಂದೇ ಅಳತೆಯಲ್ಲಿ ನಿಲ್ಲುವ ಸೆಕೆಂಡ್ ಫೋಕಲ್ ಪ್ಲೇನ್ ಸಾಕು. ಅಂತರ ಅಳೆಯಲು ರೆಟಿಕಲ್ಲಿನ ಗೆರೆಯ ಮೇಲಿರುವ ಮಿಲ್ ಚುಕ್ಕಿಗಳ ಲೆಕ್ಕ ಅದರಲ್ಲಿ ಒಂದೇ ಪಟ್ಟಿನಲ್ಲಿ, ಸಾಮಾನ್ಯವಾಗಿ ಗರಿಷ್ಠ ಪಟ್ಟಿನಲ್ಲಿ, ಸರಿಬರುತ್ತದೆ ಎಂಬುದು ನೆನಪಿರಲಿ. ಆಗ ಒಂದು ಮಿಲ್ ಅಂದರೆ 10 ಮೀಟರಿಗೆ 10 ಮಿಲಿಮೀಟರ್, 25 ಮೀಟರಿಗೆ 25. ಕೆಂಪು ಹಸಿರು ದೀಪದ ರೆಟಿಕಲ್ ಹಗಲಿನ ಅಭ್ಯಾಸಕ್ಕೆ ಬೇಕಿಲ್ಲ. ಅಗ್ಗದ ಸ್ಕೋಪಿನಲ್ಲಿ ಅದು ಕೆಡಬಹುದಾದ ಇನ್ನೊಂದು ಭಾಗ, ಅಷ್ಟೇ.

ಐ ರಿಲೀಫ್, ಅಂದರೆ ಕಣ್ಣಿಗೂ ಹಿಂದಿನ ಗಾಜಿಗೂ ಇರಬೇಕಾದ ಅಂತರ, ಸ್ಪ್ರಿಂಗ್ ಗನ್ನಿಗೆ 80 ಮಿಲಿಮೀಟರಿಗಿಂತ ಕಡಿಮೆ ಬೇಡ. ಹುಬ್ಬಿಗೆ ಪೆಟ್ಟು ಬೀಳುತ್ತದೆ.

ಮೌಂಟ್

ಬಜೆಟ್ ಲೆಕ್ಕ ಹಾಕುವಾಗ ಮೌಂಟಿಗೆಂದು ಸ್ಕೋಪ್ ಬೆಲೆಯ ಐದನೇ ಒಂದು ಭಾಗವನ್ನಾದರೂ ಮೊದಲೇ ಎತ್ತಿಡಿ. ಡಬ್ಬಿಯಲ್ಲೇ ಪುಕ್ಕಟೆ ಬರುವ ಮೆತ್ತನೆಯ ಅಲ್ಯೂಮಿನಿಯಂ ರಿಂಗ್‌ಗಳು ಸ್ಪ್ರಿಂಗ್ ಗನ್ನಿನ ಮೇಲೆ ನಿಲ್ಲುವುದು ಕಷ್ಟ. ಬಹುತೇಕ ಏರ್ ರೈಫಲ್‌ಗಳ ಮೇಲೆ ಮೌಂಟ್ ಕಚ್ಚಿಕೊಳ್ಳುವ, 11 ಮಿಲಿಮೀಟರ್ ಅಗಲದ ಡವ್‌ಟೇಲ್ ರೈಲ್ ಇರುತ್ತದೆ. ಪಿಕಾಟಿನಿ ಮೌಂಟ್ ಇದರ ಎರಡರಷ್ಟು ಅಗಲದ ರೈಲಿಗೆ ಮಾಡಿದ್ದು, ಇಲ್ಲಿ ಕೂರುವುದಿಲ್ಲ. ಕೊಳ್ಳುವ ಮೊದಲು ರೈಲನ್ನೂ, ಸ್ಕೋಪಿನ ನಳಿಕೆಯನ್ನೂ ಅಳೆಯಿರಿ. ನಳಿಕೆ 25.4 ಅಥವಾ 30 ಮಿಲಿಮೀಟರ್ ಇರುತ್ತದೆ, ಒಂದರ ರಿಂಗ್ ಇನ್ನೊಂದಕ್ಕೆ ಆಗದು.

ಸ್ಪ್ರಿಂಗ್ ಗನ್ನಿಗೆ ಎರಡು ಬಿಡಿ ರಿಂಗುಗಳಿಗಿಂತ, ಉದ್ದಕ್ಕೂ ರೈಲ್ ಹಿಡಿಯುವ ಒಂದೇ ತುಂಡಿನ ಮೌಂಟ್ ಲೇಸು. ಗನ್ ಮುಂದಕ್ಕೆ ಜಗ್ಗಿದಾಗ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಹೀಗೆ ಗುಂಡು ಗುಂಡಿಗೂ ಮೌಂಟ್ ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತಾ ಹೋಗುತ್ತದೆ. ಇದನ್ನು ತಡೆಯಲು ಮೌಂಟಿನ ಅಡಿಯಲ್ಲಿ ಸ್ಟಾಪ್ ಪಿನ್ ಇರಬೇಕು, ಅದು ರೈಲಿನ ಹಿಂಭಾಗದ ಗುಂಡಿಯೊಳಗೆ ಇಳಿಯಬೇಕು. ಗುಂಡಿ ಇಲ್ಲದ ರೈಲಾದರೆ ಮೌಂಟಿನ ಹಿಂದೆ ಪ್ರತ್ಯೇಕ ಸ್ಕೋಪ್ ಸ್ಟಾಪ್ ಬಿಗಿಯಿರಿ. ಜಾರುತ್ತಿದೆಯೇ ಎಂದು ತಿಳಿಯಲು ರೈಲಿನ ಮೇಲೆ, ಮೌಂಟಿನ ಅಂಚಿಗೆ ತಾಗಿಸಿ ಪೆನ್ಸಿಲ್ ಗೆರೆ ಎಳೆದಿಡಿ.

ಕೂರಿಸುವ ಕ್ರಮ ಹೀಗೆ. ಗನ್ ಖಾಲಿ ಇದೆಯೇ ನೋಡಿ. ರೈಲನ್ನೂ ಮೌಂಟಿನ ಹಲ್ಲನ್ನೂ ಬಟ್ಟೆಯಿಂದ ಒರೆಸಿ ಎಣ್ಣೆ ಜಿಡ್ಡು ಪೂರ್ತಿ ತೆಗೆಯಿರಿ. ಮೌಂಟನ್ನು ರೈಲಿಗೆ ಬಿಗಿದು, ಸ್ಕೋಪನ್ನು ಸಡಿಲವಾಗಿ ಇಟ್ಟು, ಗರಿಷ್ಠ ಪಟ್ಟಿಗೆ ತಿರುಗಿಸಿ. ಕಣ್ಣು ಮುಚ್ಚಿ ಗನ್ ಹೆಗಲಿಗೇರಿಸಿ, ಕಣ್ಣು ತೆರೆದಾಗ ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣುವಲ್ಲಿಗೆ ಸ್ಕೋಪನ್ನು ಸರಿಸಿ. ಗೋಡೆಗೆ ದಾರದಲ್ಲಿ ಭಾರ ಇಳಿಬಿಟ್ಟು, ಗನ್ ನೆಟ್ಟಗೆ ಹಿಡಿದು, ಕ್ರಾಸ್‌ಹೇರಿನ ನಿಂತ ಗೆರೆಯನ್ನು ಆ ದಾರಕ್ಕೆ ಹೊಂದಿಸಿ. ಆಮೇಲೆ ರಿಂಗಿನ ಸ್ಕ್ರೂಗಳನ್ನು ಕರ್ಣದ ಕ್ರಮದಲ್ಲಿ ಅರ್ಧ ಸುತ್ತಿನಂತೆ ಬಿಗಿಯಿರಿ, ಎರಡೂ ಬದಿಯ ಸಂದು ಸಮ ಇರಲಿ. ಕೊನೆಯ ಬಿಗಿ 1.7ರಿಂದ 2 ನ್ಯೂಟನ್ ಮೀಟರ್. ಟಾರ್ಕ್ ಡ್ರೈವರ್ ಇಲ್ಲದಿದ್ದರೆ ಆಲನ್ ಕೀಯ ಗಿಡ್ಡ ತೋಳನ್ನು ಎರಡು ಬೆರಳಲ್ಲಿ ಹಿಡಿದು ಬಿಗಿಯಿರಿ. ಅತಿಯಾಗಿ ಬಿಗಿದರೆ ನಳಿಕೆ ಅದುಮಿ, ಜೂಮ್ ಉಂಗುರ ಗಟ್ಟಿಯಾಗುತ್ತದೆ ಅಥವಾ ಗುರಿ ಹೊಂದಿಸುವ ಗುಂಡಿಯ ಕ್ಲಿಕ್‌ಗಳು ಸರಿಯಾಗಿ ಓಡುವುದಿಲ್ಲ. ಬ್ರೇಕ್ ಬ್ಯಾರೆಲ್ ಆದರೆ ಬ್ಯಾರೆಲ್ಲನ್ನು ಪೂರ್ತಿ ಮಡಚಿ, ಬಿಗಿ ಹಿಡಿದುಕೊಂಡೇ, ಪೆಲೆಟ್ ಇಡಲು ಬೆರಳಿಗೆ ಜಾಗ ಉಳಿದಿದೆಯೇ ನೋಡಿಕೊಳ್ಳಿ.

ಜೀರೋ ಮಾಡುವುದು

ಜೀರೋ ಅಂದರೆ ಕ್ರಾಸ್‌ಹೇರ್ ಇಟ್ಟಲ್ಲಿಗೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸುವುದು. ಮೊದಲು ಎರಡೂ ಟರೆಟ್‌ಗಳನ್ನು, ಅಂದರೆ ಸ್ಕೋಪಿನ ಮೇಲೂ ಬದಿಗೂ ಇರುವ ಹೊಂದಿಸುವ ಗುಂಡಿಗಳನ್ನು, ಈ ತುದಿಯಿಂದ ಆ ತುದಿಗೆ ಕ್ಲಿಕ್ ಎಣಿಸುತ್ತಾ ತಿರುಗಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ಗುರಿಯ ಹಿಂದೆ ಪೆಲೆಟ್ ತಡೆಯುವ, ಹಳೆ ಬಟ್ಟೆ ಒತ್ತಿ ತುಂಬಿ ಹಿಂದೆ ಕಬ್ಬಿಣದ ತಗಡು ಕೊಟ್ಟ ಪೆಟ್ಟಿಗೆ ಇರಲಿ. ಕಣ್ಣಿಗೆ ಸುರಕ್ಷಾ ಕನ್ನಡಕ ಇರಲೇಬೇಕು.

10 ಮೀಟರಿನಲ್ಲಿ ಐದು ಗುಂಡು ಹೊಡೆದು, ಗುಂಪಿನ ನಡುವಿನಿಂದ ಅಳೆಯಿರಿ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದ ಕೋನ) ಕ್ಲಿಕ್ 10 ಮೀಟರಿಗೆ 0.73 ಮಿಲಿಮೀಟರ್, 25 ಮೀಟರಿಗೆ 1.8 ಮಿಲಿಮೀಟರ್ ಸರಿಸುತ್ತದೆ. ಗುಂಪು 20 ಮಿಲಿಮೀಟರ್ ಕೆಳಗಿದ್ದರೆ ಮೇಲಕ್ಕೆ 27 ಕ್ಲಿಕ್. ಒಂದೊಂದೇ ಗುಂಡಿಗೆ ತಿರುಗಿಸುತ್ತಾ ಕೂರಬೇಡಿ. ಕ್ಲಿಕ್ ತಿರುಗಿಸಿದ ಮೇಲೆ ಮೊದಲ ಒಂದೆರಡು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಗ್ಗದ ಸ್ಕೋಪಿನಲ್ಲಿ ಒಳಭಾಗ ಗುಂಡಿನ ಅದುರಿಕೆಗೇ ತನ್ನ ಜಾಗಕ್ಕೆ ಬಂದು ಕೂರುತ್ತದೆ.

ಸೆಕೆಂಡಿಗೆ 200 ಮೀಟರ್ ವೇಗದ, ಸ್ಕೋಪ್ ಬ್ಯಾರೆಲ್ಲಿಗಿಂತ 45 ಮಿಲಿಮೀಟರ್ ಮೇಲಿರುವ ಗನ್ನನ್ನು 25 ಮೀಟರಿಗೆ ಜೀರೋ ಮಾಡಿದರೆ, 10 ಮೀಟರಿನಲ್ಲಿ ಗುಂಡು ಸುಮಾರು 4 ಮಿಲಿಮೀಟರ್ ಕೆಳಗೆ, 15 ಮೀಟರಿನಲ್ಲಿ 5 ಮಿಲಿಮೀಟರ್ ಮೇಲೆ ಬೀಳುತ್ತದೆ. ನಡುವಿನ ಎಲ್ಲ ದೂರಕ್ಕೂ ಕ್ಲಿಕ್ ಮುಟ್ಟದೇ ಹೊಡೆಯಬಹುದು. 5 ಮೀಟರಿನಲ್ಲಿ ಮಾತ್ರ 2 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಅದು ಸ್ಕೋಪಿನ ದೋಷವಲ್ಲ, ಸ್ಕೋಪ್ ಬ್ಯಾರೆಲ್ಲಿಗಿಂತ ಎತ್ತರದಲ್ಲಿರುವುದರ ಫಲ.

ಎಷ್ಟು ತಿರುಗಿಸಿದರೂ ಗುಂಡು ಕೆಳಗೇ ಬೀಳುತ್ತಿದ್ದರೆ ಬ್ಯಾರೆಲ್ ತುಸು ಕೆಳಮುಖವಾಗಿದೆ ಎಂದರ್ಥ. ಬ್ರೇಕ್ ಬ್ಯಾರೆಲ್‌ಗಳಲ್ಲಿ ಇದು ಮಾಮೂಲು. ಟರೆಟ್ಟನ್ನು ಪೂರ್ತಿ ಮೇಲಕ್ಕೇರಿಸಿ ಕೆಲಸ ಸಾಗಿಸಬೇಡಿ: ಆ ತುದಿಯಲ್ಲಿ ಒಳಗಿನ ಸ್ಪ್ರಿಂಗಿನ ಒತ್ತಡ ಕಡಿಮೆಯಾಗಿ ಗುಂಪು ಚದುರುತ್ತದೆ. ಹಿಂಭಾಗ ಎತ್ತರವಿರುವ ಡ್ರೂಪ್ ಮೌಂಟ್ ಹಾಕಿ. ತಾತ್ಕಾಲಿಕವಾಗಿ ಹಿಂದಿನ ರಿಂಗಿನ ಕೆಳಬಟ್ಟಲಿನಲ್ಲಿ 0.25 ಮಿಲಿಮೀಟರ್ ಫಿಲ್ಮ್ ಚೂರು ಇಡಬಹುದು. ರಿಂಗುಗಳ ನಡುವೆ 100 ಮಿಲಿಮೀಟರ್ ಅಂತರವಿದ್ದರೆ 10 ಮೀಟರಿನಲ್ಲಿ ಗುಂಡು 25 ಮಿಲಿಮೀಟರ್ ಮೇಲೇರುತ್ತದೆ. ಅದಕ್ಕಿಂತ ದಪ್ಪ ಇಟ್ಟರೆ ನಳಿಕೆ ಬಾಗುತ್ತದೆ.

ಗುಂಪು ಚದುರಿದರೆ ಸ್ಕೋಪಿಗೆ ಬೈಯುವ ಮುನ್ನ ಹಿಡಿತ ನೋಡಿ. ಸ್ಪ್ರಿಂಗ್ ಗನ್ನನ್ನು ಬಿಗಿಯಾಗಿ ಹಿಡಿದರೂ, ಗಟ್ಟಿ ವಸ್ತುವಿನ ಮೇಲಿಟ್ಟು ಹೊಡೆದರೂ ಗುಂಡು ಬೇರೆ ಕಡೆ ಹೋಗುತ್ತದೆ. ತೆರೆದ ಅಂಗೈ ಮೇಲೆ ಸುಮ್ಮನೆ ಕೂರಿಸಿ, ಗನ್ ತನ್ನಷ್ಟಕ್ಕೆ ಒದೆಯಲು ಬಿಡಿ. ಆಮೇಲೆ ಪೆನ್ಸಿಲ್ ಗೆರೆ, ಸ್ಕ್ರೂಗಳು, ಪೆಲೆಟ್ಟಿನ ಬ್ರ್ಯಾಂಡ್, ಈ ಕ್ರಮದಲ್ಲಿ ಪರೀಕ್ಷಿಸಿ. ಇವೆಲ್ಲ ಸರಿ ಇದ್ದರೆ ಚೌಕದ ಪರೀಕ್ಷೆ ಮಾಡಿ: ಗುರಿಯ ಒಂದೇ ಚುಕ್ಕೆಗೆ ಹೊಡೆಯುತ್ತಾ 40 ಕ್ಲಿಕ್ ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ ತಿರುಗಿಸಿ, ಪ್ರತಿ ಮೂಲೆಯಲ್ಲಿ ಮೂರು ಗುಂಡು ಹೊಡೆಯಿರಿ. 10 ಮೀಟರಿನಲ್ಲಿ 29 ಮಿಲಿಮೀಟರಿನ ಚೌಕ ಬಂದು, ಕೊನೆಯ ಗುಂಡುಗಳು ಹೊರಟಲ್ಲಿಗೇ ಮರಳಬೇಕು. ಮರಳದಿದ್ದರೆ ಅಂಗಡಿಗೆ ವಾಪಸ್ ಕೊಡಿ, ಅದು ಮನೆಯಲ್ಲಿ ರಿಪೇರಿಯಾಗುವ ದೋಷವಲ್ಲ. ಸ್ಕ್ರೂಗಳನ್ನು ಮೊದಲ 50 ಗುಂಡಿನ ನಂತರ ಮತ್ತೊಮ್ಮೆ ನೋಡಿ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸ್ಕೋಪನ್ನು ಫೋಮ್ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಫೋಮ್ ತೇವ ಹಿಡಿದಿಟ್ಟುಕೊಂಡು ಗಾಜಿನ ಮೇಲೆ ಬೂಷ್ಟು ಬರುತ್ತದೆ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ತಿಂಗಳಿಗೊಮ್ಮೆ ಜೆಲ್ ಬದಲಾಯಿಸಿ. ಗನ್ನಿನಿಂದ ಬಿಚ್ಚಿ ಮತ್ತೆ ಹಾಕಿದರೆ ಜೀರೋ ಹೊಸದಾಗಿ ನೋಡಲೇಬೇಕು.