ಕಾರಿನ ಲೈಟ್ ಹೋಲ್ಡರ್‌ಗೆ ಕರೆಂಟ್ ಬರುತ್ತಿದೆಯಾ? ಹೀಗೆ ನೋಡಿ

ಹೊಸ ಬಲ್ಬ್ ಹಾಕಿದರೂ ಬ್ರೇಕ್ ಲೈಟ್ ಹತ್ತಲಿಲ್ಲವಾ? ಇನ್ನೊಂದು ಬಲ್ಬ್ ತರಲು ಓಡಬೇಡಿ. ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆ ಎಷ್ಟೋ ಸಲ ಬಲ್ಬ್ ಚೆನ್ನಾಗೇ ಇರುತ್ತದೆ, ಹಾಳಾಗಿರುವುದು ಹೋಲ್ಡರ್. ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಹೋದ ಮಳೆಗಾಲ ನನ್ನ ಕಾರಿನ ಹೋಲ್ಡರ್ ಬಿಚ್ಚಿ ನೋಡಿದರೆ ಒಳಗೆಲ್ಲಾ ಹಸಿರು ಕಿಲುಬು, ತಿಕ್ಕದೇ ಬಿಟ್ಟ ತಾಮ್ರದ ಚೊಂಬಿನ ಹಾಗೆ. ದೇವಿಮನೆ ಘಟ್ಟದ ಮಂಜಿನಲ್ಲಿ ನಿಮ್ಮ ಬ್ರೇಕ್ ಲೈಟ್ ಹಿಂದಿನ ಬಸ್ಸಿನವರಿಗೆ ಕಾಣದಿದ್ದರೆ ಏನಾಗಬಹುದು ಅಂತ ಹೇಳಬೇಕಿಲ್ಲ ಅಲ್ವಾ?

ಮನೆಯ ಸ್ವಿಚ್‌ಬೋರ್ಡ್ ನೋಡುವ ಟೆಸ್ಟರ್ ಇಲ್ಲಿ ಉಪಯೋಗವಿಲ್ಲ, 12 ವೋಲ್ಟ್‌ಗೆ ಅದು ಹತ್ತುವುದೇ ಇಲ್ಲ. 12 ವೋಲ್ಟ್‌ನ ಟೆಸ್ಟ್ ಲ್ಯಾಂಪ್ (ಒಂದು ಕಡೆ ಕ್ಲಿಪ್, ಇನ್ನೊಂದು ಕಡೆ ಮೊನೆ ಇರುವ ಪುಟ್ಟ ದೀಪ) ಅಥವಾ ವೋಲ್ಟ್ ಅಳೆಯುವ ಮಲ್ಟಿಮೀಟರ್ ಬೇಕು.

ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಕೈ ಒಣಗಿರಲಿ, ಉಂಗುರ, ವಾಚು ಬಿಚ್ಚಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಆದರೆ ಬ್ಯಾಟರಿಯ ಪ್ಲಸ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಕ್ಷಣದಲ್ಲಿ ಕಾದು ಬೆರಳು ಸುಡುತ್ತದೆ. ಬಲ್ಬ್ ತಣ್ಣಗಾದ ಮೇಲೆ ತೆಗೆಯಿರಿ.

ಮೊದಲು ಟೆಸ್ಟ್ ಲ್ಯಾಂಪನ್ನೇ ಪರೀಕ್ಷಿಸಿ: ಕ್ಲಿಪ್ ಬ್ಯಾಟರಿಯ ಮೈನಸ್‌ಗೆ, ಮೊನೆ ಪ್ಲಸ್‌ಗೆ. ಹತ್ತಿತಾ? ಈಗ ಕ್ಲಿಪ್ಪನ್ನು ಹೋಲ್ಡರ್ ಹತ್ತಿರ ಪೇಂಟ್ ಇಲ್ಲದ ಬೋಲ್ಟ್‌ಗೆ ಹಾಕಿ, ಕೀ ಆನ್ ಮಾಡಿ, ಯಾರಿಗಾದರೂ ಬ್ರೇಕ್ ಒತ್ತಲು ಹೇಳಿ, ಮೊನೆಯನ್ನು ಹೋಲ್ಡರ್‌ನ ತಳದ ಬಿಂದುವಿಗೆ ಮಾತ್ರ ತಾಗಿಸಿ. ಪಕ್ಕದ ಗೋಡೆಗೂ ಒಟ್ಟಿಗೆ ತಾಗಿತೋ, ಫ್ಯೂಸ್ ಹೋಯಿತು. ಎರಡು ಬಿಂದು ಇದ್ದರೆ ಒಂದು ಪಾರ್ಕಿಂಗ್ ಲೈಟಿನದ್ದು, ಇನ್ನೊಂದು ಬ್ರೇಕಿನದ್ದು. ಮಲ್ಟಿಮೀಟರ್ ಆದರೆ ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕಪ್ಪು ವೈರ್ ಬಾಡಿಗೆ, ಕೆಂಪು ಬಿಂದುವಿಗೆ. ಕೆಂಪು ವೈರ್ ಆಂಪಿಯರ್ ತೂತಿನಲ್ಲಿ ಇರಲೇಬಾರದು.

ಏನೂ ಬರದಿದ್ದರೆ ಫ್ಯೂಸ್ ನೋಡಿ. ಹೋಗಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ, ಜಾಸ್ತಿಯದ್ದು ಬೇಡ, ವೈರ್ ಸುಡುತ್ತದೆ.

ಮೀಟರ್ 12 ತೋರಿಸುತ್ತದೆ, ಬಲ್ಬ್ ಮಾತ್ರ ಹತ್ತುವುದಿಲ್ಲ. ಕರಾವಳಿಯಲ್ಲಿ ಜನ ಮೋಸ ಹೋಗುವುದೇ ಇಲ್ಲಿ. ಕಿಲುಬು ತಿಂದ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಸಾಕು, 21 ವ್ಯಾಟ್ ಬಲ್ಬಿಗೆ ಸುಮಾರು ಎರಡು ಆಂಪಿಯರ್ ಬೇಕು. ಅರ್ಥಿಂಗ್, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಹೋಗಿದ್ದರೂ ಹೀಗೇ. ಅದಕ್ಕೆ ಲೈಟ್ ಆಫ್ ಮಾಡಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪ್ಲಸ್‌ಗೆ ಹಾಕಿ (ಉದ್ದ ವೈರ್ ಸೇರಿಸಬೇಕಾದೀತು), ಮೊನೆಯನ್ನು ಹೋಲ್ಡರ್‌ನ ಗೋಡೆಗೆ ತಾಗಿಸಿ. ಜೋರಾಗಿ ಹತ್ತಿದರೆ ಅರ್ಥಿಂಗ್ ಸರಿ. ಮಂಕಾಗಿದ್ದರೆ ಅರ್ಥ್ ಬೋಲ್ಟ್ ಬಿಚ್ಚಿ, ಮರಳು ಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ಹೋಲ್ಡರ್ ಉಜ್ಜುವಾಗ ಫ್ಯೂಸ್ ತೆಗೆದಿಡಿ.

ಹೊಸ ಕಾರುಗಳಲ್ಲಿ ಲೈಟನ್ನು ಕಂಪ್ಯೂಟರೇ ನಡೆಸುತ್ತದೆ, ಅಲ್ಲಿ ಮಲ್ಟಿಮೀಟರ್ ಮಾತ್ರ ಬಳಸಿ. ಹಳದಿ ವೈರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಮುಟ್ಟಬೇಡಿ. ಕ್ಸೆನಾನ್ ಹೆಡ್‌ಲೈಟಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಅದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.